ಫೈಲ್ ಹುಟ್ಟಿದ ದಿನ: ತೋರಿಸಬೇಕಾ, ಬಚ್ಚಿಡಬೇಕಾ, ತಿದ್ದಲು ಬಿಡಬೇಕಾ?

ಅಪ್ಪ ತೀರಿಕೊಂಡ ಮೇಲೆ ಅವರ ಹಳೇ ಕಂಪ್ಯೂಟರಿನಿಂದ ಒಂದು ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದೆ. ನೂರಕ್ಕೂ ಜಾಸ್ತಿ ವರ್ಡ್ ಫೈಲುಗಳು. ಎಲ್ಲವೂ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಊರಿನ ನೆನಪು, ಕೆರೆ ಏರಿ ಒಡೆದ ವರ್ಷದ ಕಥೆ, ಅಜ್ಜಿ ಹೇಳುತ್ತಿದ್ದ ಗಾದೆಗಳು. ಅವನ್ನು ಬರೆದ ಸಾಲಿನಲ್ಲೇ ಜೋಡಿಸಿ ಮನೆಯವರಿಗೆಲ್ಲ ಕೊಡೋಣ ಅಂತ ಆಸೆ. ಲ್ಯಾಪ್‌ಟಾಪಿನಲ್ಲಿ ಫೋಲ್ಡರ್ ತೆರೆದು 'ಡೇಟ್ ಕ್ರಿಯೇಟೆಡ್' ಮೇಲೆ ಒತ್ತಿದೆ. ಎಲ್ಲಾ ಫೈಲುಗಳೂ ಹುಟ್ಟಿದ್ದು ಒಂದೇ ದಿನ. ನಾನು ಕಾಪಿ ಮಾಡಿದ ಆ ಭಾನುವಾರ.

ಕಂಪ್ಯೂಟರ್ ಸುಳ್ಳು ಹೇಳಿರಲಿಲ್ಲ. ಉಪ್ಪಿನಕಾಯಿಯನ್ನು ಹಳೇ ಜಾಡಿಯಿಂದ ಹೊಸ ಜಾಡಿಗೆ ಹಾಕಿದ್ದೆ. ಅದು ಹೊಸ ಜಾಡಿಯ ವಯಸ್ಸು ಹೇಳುತ್ತಿತ್ತು. ನನಗೆ ಬೇಕಿದ್ದದ್ದು ಉಪ್ಪಿನಕಾಯಿ ಹಾಕಿದ ದಿನ.

ಆಪರೇಟಿಂಗ್ ಸಿಸ್ಟಮ್ ಕಟ್ಟುವವರ ನಡುವೆ ಇದೇ ವಿಚಾರಕ್ಕೆ ವರ್ಷಗಟ್ಟಲೆ ವಾದ ನಡೆದಿದೆ. ಫೈಲ್ ಹುಟ್ಟಿದ ಹೊತ್ತನ್ನು ಬಳಕೆದಾರರಿಗೆ ತೋರಿಸಬೇಕಾ? ತೋರಿಸಿದರೆ ತಿದ್ದಲೂ ಬಿಡಬೇಕಾ? ಅಥವಾ ಆ ಗೊಡವೆಯೇ ಬೇಡವಾ? ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. ಯಾವ ದಾರಿಯಲ್ಲಿ ಏನು ಸಿಗುತ್ತದೆ, ಏನು ಕಳೆದುಹೋಗುತ್ತದೆ, ನಿಮ್ಮ ಕೆಲಸಕ್ಕೆ ಯಾವುದನ್ನು ನಂಬಬಹುದು ಅಂತ ಇಲ್ಲಿ ನೋಡೋಣ.

ಮೊದಲು ಒಂದು ಅಕ್ಷರದ ಗೊಂದಲ

ಲಿನಕ್ಸ್, ಮ್ಯಾಕ್ ಇಂಥ ಯುನಿಕ್ಸ್ ಮನೆತನದ ಸಿಸ್ಟಮ್‌ಗಳಲ್ಲಿ ಪ್ರತಿ ಫೈಲಿಗೂ ಮೂರು ಹೊತ್ತುಗಳು ಅಂಟಿಕೊಂಡಿರುತ್ತವೆ. ಎಟೈಮ್ ಅಂದರೆ ಕೊನೆಯ ಸಲ ಓದಿದ ಹೊತ್ತು. ಎಮ್‌ಟೈಮ್ ಅಂದರೆ ಒಳಗಿನ ವಿಷಯ ಕೊನೆಯ ಸಲ ಬದಲಾದ ಹೊತ್ತು. ಮೂರನೆಯದು ಸಿಟೈಮ್. ಈ 'ಸಿ' ನೋಡಿದ ತಕ್ಷಣ ಎಲ್ಲರೂ ಕ್ರಿಯೇಶನ್ ಅಂದುಕೊಳ್ಳುತ್ತಾರೆ. ಅದು ಚೇಂಜ್. ಫೈಲಿನ ಹೆಸರು, ಒಡೆತನ, ಅನುಮತಿ ಇಂಥವು ಬದಲಾದರೂ ಅದು ಬದಲಾಗುತ್ತದೆ. ನಿನ್ನೆ ಫೈಲಿನ ಅನುಮತಿ ಬದಲಿಸಿದ್ದರೆ ಸಿಟೈಮ್ ನಿನ್ನೆಯದು, ಫೈಲ್ ಹತ್ತು ವರ್ಷ ಹಳೆಯದಾಗಿದ್ದರೂ ಸರಿ.

ಇದರಿಂದ ಪ್ರೋಗ್ರಾಮ್ ಬರೆಯುವವರು ಬಹಳ ಜನ ಎಡವಿದ್ದಾರೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಿಟೈಮ್ ಕೇಳಿದರೆ ವಿಂಡೋಸ್‌ನಲ್ಲಿ ಹುಟ್ಟಿದ ಹೊತ್ತು ಬರುತ್ತದೆ, ಲಿನಕ್ಸ್‌ನಲ್ಲಿ ಬದಲಾದ ಹೊತ್ತು. ಒಂದೇ ಹೆಸರು, ಎರಡು ಅರ್ಥ. ಪೈಥಾನ್ 3.12ರಲ್ಲಿ ವಿಂಡೋಸ್‌ಗೂ 'ಬರ್ತ್‌ಟೈಮ್' ಅಂತ ಬೇರೆ ಹೆಸರು ಕೊಟ್ಟು, ಹಳೆಯ ಅರ್ಥವನ್ನು ಬಿಟ್ಟುಬಿಡಿ ಅಂದರು. ಜಾವಾ ಅನ್ನುವ ಭಾಷೆಯಲ್ಲಿ ಇನ್ನೊಂದು ತೊಡಕಿದೆ. ಹುಟ್ಟಿದ ಹೊತ್ತು ಸಿಗದಿದ್ದರೆ ತಿದ್ದಿದ ಹೊತ್ತನ್ನೇ ಹುಟ್ಟಿದ ಹೊತ್ತು ಅಂತ ಕೊಟ್ಟುಬಿಡಬಹುದು ಅಂತ ಅದರ ನಿಯಮವೇ ಹೇಳುತ್ತದೆ. ಗೊತ್ತಿಲ್ಲ ಅಂತ ಹೇಳಬೇಕಾದ ಕಡೆ ಬೇರೆ ಏನನ್ನೋ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಬಳಸುವವನಿಗೆ ಗೊತ್ತಾಗುವ ದಾರಿಯೇ ಇರುವುದಿಲ್ಲ.

ದಾರಿ ಒಂದು: ತೋರಿಸುವುದೇ ಬೇಡ

ಪೋಸಿಕ್ಸ್ ಅನ್ನುವ ಯುನಿಕ್ಸ್ ಮಾನಕದಲ್ಲಿ ಮೇಲಿನ ಮೂರು ಹೊತ್ತುಗಳಷ್ಟೇ ಇವೆ. ಹುಟ್ಟಿದ ಹೊತ್ತು ಇಲ್ಲ. ಲಿನಕ್ಸ್ ಕೂಡ ಬಹಳ ಕಾಲ ಹಾಗೇ ಇತ್ತು.

ಬೇಡ ಅನ್ನುವವರ ವಾದದಲ್ಲಿ ಹುರುಳಿದೆ. ಹುಟ್ಟಿದ್ದು ಅಂದರೆ ಏನು ಅಂತ ಅವರು ಕೇಳುತ್ತಾರೆ. ಒಂದು ಪತ್ರವನ್ನು ಕಾಪಿ ಮಾಡಿದರೆ ಹೊಸದು ಹುಟ್ಟಿತಾ, ಹಳೆಯದೇ ಮುಂದುವರಿಯಿತಾ? ಬ್ಯಾಕಪ್‌ನಿಂದ ವಾಪಸ್ ತಂದರೆ? ಇಂಟರ್ನೆಟ್‌ನಿಂದ ಇಳಿಸಿಕೊಂಡರೆ? ಇದಕ್ಕಿಂತ ದೊಡ್ಡ ತೊಡಕು ಸೇವ್ ಮಾಡುವ ರೀತಿಯಲ್ಲಿದೆ. ಎಷ್ಟೋ ಎಡಿಟರ್‌ಗಳು ಹಳೇ ಫೈಲಿನ ಮೇಲೆ ನೇರವಾಗಿ ಬರೆಯುವುದಿಲ್ಲ. ಪಕ್ಕದಲ್ಲಿ ಹೊಸ ಫೈಲ್ ಬರೆದು, ಪೂರ್ತಿ ಆದ ಮೇಲೆ ಹಳೆಯದರ ಹೆಸರನ್ನು ಅದಕ್ಕೆ ಇಡುತ್ತವೆ. ಮಧ್ಯೆ ಕರೆಂಟ್ ಹೋದರೂ ಹಳೆಯದು ಉಳಿಯಲಿ ಅಂತ ಈ ಎಚ್ಚರ. ಒಳ್ಳೆಯ ಅಭ್ಯಾಸವೇ. ಆದರೆ ಪ್ರತಿ ಸೇವ್‌ಗೂ ಫೈಲ್ ಹೊಸದಾಗಿ ಹುಟ್ಟುತ್ತದೆ. ಮೂರು ವರ್ಷದಿಂದ ಬರೆಯುತ್ತಿರುವ ಕಾದಂಬರಿಯ ಹುಟ್ಟಿದ ದಿನ ಇವತ್ತು ಬೆಳಗ್ಗೆ ಅಂತ ತೋರಿಸುತ್ತದೆ. ಇಂಥದ್ದನ್ನು ತೋರಿಸಿ ಜನರ ದಾರಿ ತಪ್ಪಿಸುವುದಕ್ಕಿಂತ ಸುಮ್ನೆ ಇರುವುದೇ ಮೇಲು ಅನ್ನುವುದು ಅವರ ಮಾತು.

ಆದರೂ ಈ ದಾರಿಯನ್ನು ನಾನು ಒಪ್ಪುವುದಿಲ್ಲ. ಕಾರಣ ಇದೆ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಏರ್ಪಾಡಿಗೆ ಫೈಲ್ ಸಿಸ್ಟಮ್ ಅನ್ನುತ್ತಾರೆ. ಲಿನಕ್ಸ್‌ನಲ್ಲಿ ಹೆಚ್ಚು ಜನ ಬಳಸುವ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ 2008ರ ಕೊನೆಯಲ್ಲಿ ಬಳಕೆಗೆ ಸಿದ್ಧವಾಯಿತು. ಅದು ಹುಟ್ಟಿದ ಹೊತ್ತನ್ನು ಡಿಸ್ಕಿನಲ್ಲಿ ಬರೆದಿಡುತ್ತಲೇ ಇತ್ತು. ಬಿಟಿಆರ್‌ಎಫ್‌ಎಸ್ ಅನ್ನುವ ಇನ್ನೊಂದು ಫೈಲ್ ಸಿಸ್ಟಮ್ ಕೂಡ ಆಮೇಲೆ ಬರೆಯತೊಡಗಿತು. ಆದರೆ ಅದನ್ನು ಓದಲು ಮಾಮೂಲಿ ಪ್ರೋಗ್ರಾಮ್‌ಗಳಿಗೆ ಬಾಗಿಲೇ ಇರಲಿಲ್ಲ. ಬೇಕೇ ಬೇಕು ಅಂದವರು ಅಡ್ಮಿನ್ ಅಧಿಕಾರ ತೆಗೆದುಕೊಂಡು, ಡೀಬಗ್ಎಫ್‌ಎಸ್ ಅನ್ನುವ ರಿಪೇರಿ ಸಲಕರಣೆಯಿಂದ ಡಿಸ್ಕನ್ನೇ ಇಣುಕಿ ನೋಡಬೇಕಿತ್ತು. ಎಂಟು ವರ್ಷಕ್ಕೂ ಮಿಗಿಲಾಗಿ ಕೋಟಿಗಟ್ಟಲೆ ಫೈಲುಗಳ ಮೇಲೆ ಬರೆದಿಟ್ಟ ವಿಷಯ, ಫೈಲಿನ ಮಾಲೀಕನಿಗೇ ಕಾಣುತ್ತಿರಲಿಲ್ಲ. ಅರ್ಥ ಗೋಜಲಾಗಿದೆ ಅಂತ ಬಚ್ಚಿಟ್ಟರೆ ಗೋಜಲು ಹೋಗುವುದಿಲ್ಲ. ಬರೆದಿಡುತ್ತೀರಾದರೆ ತೋರಿಸಿ.

ಬಚ್ಚಿಟ್ಟಾಗ ಇನ್ನೊಂದು ಆಗುತ್ತದೆ. ಬೇಕಾದವರು ತಮ್ಮದೇ ಅಡ್ಡದಾರಿ ಮಾಡಿಕೊಳ್ಳುತ್ತಾರೆ. ಆಫೀಸುಗಳಲ್ಲಿ ಲಿನಕ್ಸ್ ಸರ್ವರ್ ಇಟ್ಟು ವಿಂಡೋಸ್ ಕಂಪ್ಯೂಟರುಗಳಿಗೆ ಫೈಲ್ ಹಂಚುವ ಸಾಂಬಾ ಇದೆಯಲ್ಲ, ಅದಕ್ಕೆ ಹುಟ್ಟಿದ ಹೊತ್ತು ಬೇಕೇ ಬೇಕು. ವಿಂಡೋಸ್ ಕೇಳುತ್ತದೆ. ಹಾಗಾಗಿ ಸಾಂಬಾ ಪ್ರತಿ ಫೈಲಿಗೂ ಒಂದು ಚೀಟಿ ಅಂಟಿಸಿ ಅದರಲ್ಲಿ ತನ್ನ ಲೆಕ್ಕ ಬರೆದಿಟ್ಟುಕೊಂಡಿತು. ವಿಂಡೋಸ್ ಡಿಸ್ಕನ್ನು ಲಿನಕ್ಸ್‌ನಲ್ಲಿ ಓದಿಸುವ ಎನ್‌ಟಿಎಫ್‌ಎಸ್-3ಜಿ ಬೇರೆ ಹೆಸರಿನ ಚೀಟಿಯಲ್ಲಿ ಅದನ್ನೇ ತೋರಿಸಿತು. ಒಂದೇ ವಿಷಯಕ್ಕೆ ಮನೆಗೊಂದು ಪುಸ್ತಕ.

ದಾರಿ ಎರಡು: ನೋಡಿ, ಆದರೆ ಮುಟ್ಟಬೇಡಿ

ಈಗಿನ ಲಿನಕ್ಸ್ ದಾರಿ ಇದು. ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಅನ್ನುತ್ತಾರೆ, ಪ್ರೋಗ್ರಾಮ್‌ಗಳು ಅದನ್ನು ಏನಾದರೂ ಕೇಳುವ ಬಾಗಿಲಿಗೆ ಸಿಸ್ಟಮ್ ಕರೆ. ಡೇವಿಡ್ ಹೋವೆಲ್ಸ್ ಎಂಬ ಕರ್ನಲ್ ಎಂಜಿನಿಯರ್ 2010ರಲ್ಲೇ ಇದಕ್ಕೊಂದು ಹೊಸ ಸಿಸ್ಟಮ್ ಕರೆ ಬೇಕು ಅಂತ ಮುಂದಿಟ್ಟರು. ವಾದ ನಡೆಯಿತು, ನಿಂತಿತು, ಮತ್ತೆ ನಡೆಯಿತು. ಕೊನೆಗೆ 2017ರಲ್ಲಿ ಲಿನಕ್ಸ್ 4.11ರ ಜೊತೆ 'ಸ್ಟ್ಯಾಟ್‌ಎಕ್ಸ್' ಬಂತು. ಬಂದ ತಕ್ಷಣ ನಮ್ಮ ಕೈಗೆ ಸಿಗಲಿಲ್ಲ. 2018ರಲ್ಲಿ ಜಿಲಿಬ್‌ಸಿ ಅನ್ನುವ ಮೂಲ ಲೈಬ್ರರಿ ಅದನ್ನು ಸೇರಿಸಿಕೊಂಡಿತು. 2019ರಲ್ಲಿ 'ಸ್ಟ್ಯಾಟ್' ಆಜ್ಞೆ 'ಬರ್ತ್' ಅನ್ನುವ ಸಾಲಿನ ಮುಂದೆ ನಿಜವಾದ ದಿನ ತೋರಿಸತೊಡಗಿತು. ಅದಕ್ಕೂ ಮುಂಚೆ ಆ ಸಾಲಿನಲ್ಲಿ ಬರೀ ಒಂದು ಅಡ್ಡಗೆರೆ ಇರುತ್ತಿತ್ತು. 2020ರಲ್ಲಿ 'ಎಲ್‌ಎಸ್' ಆಜ್ಞೆಗೂ ಹುಟ್ಟಿದ ಹೊತ್ತು ತೋರಿಸಲು ಬಂತು.

ಈ ಸಿಸ್ಟಮ್ ಕರೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ವಿಷಯ. ಉತ್ತರದ ಜೊತೆ ಅದು ಒಂದು ಪಟ್ಟಿಯನ್ನೂ ಕೊಡುತ್ತದೆ: ಇವಿಷ್ಟು ನನಗೆ ನಿಜವಾಗಿ ಗೊತ್ತು ಅಂತ. ಫೈಲ್ ಸಿಸ್ಟಮ್ ಹುಟ್ಟಿದ ಹೊತ್ತನ್ನು ಇಟ್ಟಿಲ್ಲವಾದರೆ ಆ ಗುರುತು ಬರುವುದಿಲ್ಲ. ಪ್ರೋಗ್ರಾಮಿಗೆ ಅಲ್ಲೇ ಗೊತ್ತಾಗುತ್ತದೆ. ಮೇಲೆ ಹೇಳಿದ ಜಾವಾ ತೊಡಕಿಗೆ ಇದೇ ಸರಿಯಾದ ಮದ್ದು.

ತಿದ್ದಲು ಮಾತ್ರ ಬಾಗಿಲಿಲ್ಲ. ಎಮ್‌ಟೈಮ್ ಅನ್ನು 'ಟಚ್' ಆಜ್ಞೆಯಿಂದ ಯಾವ ದಿನಕ್ಕೆ ಬೇಕಾದರೂ ಇಡಬಹುದು. ಹುಟ್ಟಿದ ಹೊತ್ತಿಗೆ ಆ ಅವಕಾಶ ಇಲ್ಲ. ಅಡ್ಮಿನ್ ಆದವರು ಕಂಪ್ಯೂಟರಿನ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಬಹುದು, ಡಿಸ್ಕನ್ನು ಕಳಚಿಟ್ಟುಕೊಂಡು ಡೀಬಗ್ಎಫ್‌ಎಸ್‌ನಿಂದ ಕೆದಕಬಹುದು. ಆದರೆ ಮಾಮೂಲಿ ಪ್ರೋಗ್ರಾಮ್ ಮುಟ್ಟಲಾರದು.

ಇದರ ಲಾಭ: ಈ ಡಿಸ್ಕಿಗೆ ಈ ಫೈಲ್ ಯಾವಾಗ ಬಂತು ಅನ್ನುವುದಕ್ಕೆ ನಂಬುವಂಥ ಉತ್ತರ. ಸರ್ವರ್ ನೋಡಿಕೊಳ್ಳುವವರಿಗೆ ಇದು ಬಂಗಾರ. ಯಾರೋ ನುಗ್ಗಿ ಒಂದು ಸ್ಕ್ರಿಪ್ಟ್ ಇಟ್ಟು, ಎಮ್‌ಟೈಮ್ ಅನ್ನು ಎರಡು ವರ್ಷ ಹಿಂದಕ್ಕೆ ತಳ್ಳಿ ಹಳೆಯ ಫೈಲುಗಳ ನಡುವೆ ಅಡಗಿಸಿದ್ದರೂ ಹುಟ್ಟಿದ ಹೊತ್ತು ನೋಡಿದರೆ ಸಿಕ್ಕಿಬೀಳುತ್ತದೆ. ಇನ್ನೊಂದು ಸಣ್ಣ ಉಪಯೋಗವೂ ಇದೆ. ಎಲ್ಲಾ ಫೋಲ್ಡರುಗಳನ್ನೂ ಒಳಗಿಟ್ಟುಕೊಂಡ ಮೂಲ ಡೈರೆಕ್ಟರಿಯ ಹುಟ್ಟಿದ ಹೊತ್ತು ನೋಡಿದರೆ ಆ ಡಿಸ್ಕನ್ನು ಯಾವತ್ತು ಫಾರ್ಮ್ಯಾಟ್ ಮಾಡಿದ್ದು ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ ಅದೇ ಸಿಸ್ಟಮ್ ಇನ್‌ಸ್ಟಾಲ್ ಮಾಡಿದ ದಿನ.

ನಷ್ಟವೂ ಅಷ್ಟೇ ನೇರ. ಹಳೇ ಡಿಸ್ಕಿನಿಂದ ಹೊಸದಕ್ಕೆ ಹೋದರೆ ಹಳೆಯ ಹುಟ್ಟುದಿನ ಜೊತೆಗೆ ಬರುವುದಿಲ್ಲ. ತಿದ್ದಲು ದಾರಿ ಇಲ್ಲವಾದ್ದರಿಂದ ಬ್ಯಾಕಪ್ ಪ್ರೋಗ್ರಾಮ್ ಕೂಡ ಅದನ್ನು ಮರಳಿ ಕೂರಿಸಲಾರದು. ಹಲವು ಫೈಲುಗಳನ್ನು ಒಂದಾಗಿ ಕಟ್ಟಿಡುವ ಟಾರ್ ಕಟ್ಟಿನಿಂದ ಬಿಚ್ಚಿದ ಫೈಲು ತಿದ್ದಿದ್ದು 2011ರಲ್ಲಿ, ಹುಟ್ಟಿದ್ದು ಇವತ್ತು ಅಂತ ತೋರಿಸುತ್ತದೆ. ಹುಟ್ಟುವ ಮೊದಲೇ ತಿದ್ದಿದ ಫೈಲು. ಜಾಡಿಯ ಲೆಕ್ಕ ಅಂತ ನೆನಪಿಟ್ಟುಕೊಂಡರೆ ಇದು ವಿಚಿತ್ರ ಅನ್ನಿಸುವುದಿಲ್ಲ.

ದಾರಿ ಮೂರು: ನೋಡಿ, ಬೇಕಾದರೆ ತಿದ್ದಿ

ವಿಂಡೋಸ್ ಮತ್ತು ಮ್ಯಾಕ್ ಎರಡೂ ಈ ದಾರಿಯವು. ಆದರೆ ಒಂದೇ ಥರ ನಡೆದುಕೊಳ್ಳುವುದಿಲ್ಲ. ಮನೆಯಲ್ಲಿ ಎರಡೂ ಇದ್ದವರು ಇಲ್ಲಿ ಗಮನ ಕೊಡಬೇಕು.

ವಿಂಡೋಸ್‌ನಲ್ಲಿ ಎಕ್ಸ್‌ಪ್ಲೋರರ್‌ನಿಂದ ಕಾಪಿ ಮಾಡಿದರೆ ತಿದ್ದಿದ ದಿನ ಹಳೆಯದೇ ಉಳಿಯುತ್ತದೆ, ಹುಟ್ಟಿದ ದಿನ ಮಾತ್ರ ಕಾಪಿ ಮಾಡಿದ ಹೊತ್ತಾಗುತ್ತದೆ. ಅಪ್ಪನ ಫೈಲುಗಳಿಗೆ ಆಗಿದ್ದು ಇದೇ. ಕಾಪಿ ಮಾಡುವ ಬದಲು ಮೂವ್ ಮಾಡಿದ್ದರೆ ಎರಡೂ ಉಳಿಯುತ್ತಿದ್ದವು. ಆದರೆ ಇದ್ದ ಒಂದೇ ಪ್ರತಿಯನ್ನು ಮೂವ್ ಮಾಡಲು ಯಾರಿಗೆ ಧೈರ್ಯ ಬರುತ್ತದೆ ಹೇಳಿ? ಅಂಥ ಕಡೆ ರೋಬೋಕಾಪಿ ಬಳಸಿ. ವಿಂಡೋಸ್ ಜೊತೆಗೇ ಬರುತ್ತದೆ, ಫೈಲುಗಳ ಹೊತ್ತುಗಳನ್ನು ಇದ್ದ ಹಾಗೇ ಒಯ್ಯುತ್ತದೆ. ಮ್ಯಾಕ್‌ನ ಫೈಂಡರ್‌ನಲ್ಲಿ ಕಾಪಿ ಮಾಡಿದರೂ ಹುಟ್ಟಿದ ದಿನ ಹಳೆಯದೇ ಉಳಿಯುತ್ತದೆ. ಅಂದರೆ ಮ್ಯಾಕ್ ಉಪ್ಪಿನಕಾಯಿಯ ಕಡೆ ವಾಲುತ್ತದೆ, ವಿಂಡೋಸ್ ಜಾಡಿಯ ಕಡೆ.

ಆದರೆ ವಿಂಡೋಸ್ ಒಂದು ಕಡೆ ಉಪ್ಪಿನಕಾಯಿಯ ಲೆಕ್ಕವನ್ನೂ ಇಡುತ್ತದೆ. ಮೊದಲೇ ಹೇಳಿದೆನಲ್ಲ, ಸೇವ್ ಮಾಡಿದಾಗ ಫೈಲ್ ಹೊಸದಾಗಿ ಹುಟ್ಟುವ ತೊಡಕು. ಅದಕ್ಕೆ ವಿಂಡೋಸ್‌ನಲ್ಲಿ ಟನಲಿಂಗ್ ಅನ್ನುವ ಏರ್ಪಾಡಿದೆ. ಒಂದು ಫೈಲನ್ನು ಅಳಿಸಿ, 15 ಸೆಕೆಂಡಿನೊಳಗೆ ಅದೇ ಫೋಲ್ಡರಿನಲ್ಲಿ ಅದೇ ಹೆಸರಿನ ಇನ್ನೊಂದು ಬಂದರೆ, ಹೊಸದಕ್ಕೆ ಹಳೆಯದರ ಹುಟ್ಟುದಿನವನ್ನೇ ಕೊಡುತ್ತದೆ. ಬರೆಯುವವರಿಗೆ ಇದು ವರ. ಗೊತ್ತಿಲ್ಲದೆ ಪರೀಕ್ಷೆ ಮಾಡುವವರಿಗೆ ಮಾತ್ರ ತಲೆನೋವು. ಫೈಲ್ ಅಳಿಸಿ ಹೊಸದು ಮಾಡಿದರೂ ಹಳೆಯ ದಿನವೇ ಬರುತ್ತಿದೆಯಲ್ಲ ಅಂತ ನಾನೇ ಒಂದು ಸಂಜೆ ಪೂರ್ತಿ ಒದ್ದಾಡಿದ್ದೇನೆ.

ಮ್ಯಾಕ್ ಮತ್ತು ಯುನಿಕ್ಸ್ ಮನೆತನದ್ದೇ ಆದ ಫ್ರೀಬಿಎಸ್‌ಡಿಯಲ್ಲಿ ಇನ್ನೊಂದು ನಡೆ ಇದೆ. ಎಮ್‌ಟೈಮ್ ಅನ್ನು ಹುಟ್ಟಿದ ಹೊತ್ತಿಗಿಂತ ಹಿಂದಕ್ಕೆ ಇಟ್ಟರೆ, ಹುಟ್ಟಿದ ಹೊತ್ತು ತಾನಾಗೇ ಹಿಂದಕ್ಕೆ ಸರಿಯುತ್ತದೆ. ತಿದ್ದುವ ಮೊದಲು ಹುಟ್ಟಿರಲೇಬೇಕಲ್ಲ ಅನ್ನುವ ಲೆಕ್ಕ. ಚೆನ್ನಾಗಿದೆ, ಆದರೆ ಜಾಡಿಯ ದಿನ ಅಲ್ಲಿಗೆ ಅಳಿಸಿಹೋಯಿತು.

ತಿದ್ದಲು ಬಿಡುವುದರ ಅಪಾಯ ನಿಮಗೇ ಗೊತ್ತಾಗುತ್ತದೆ. ವಿಂಡೋಸ್‌ನಲ್ಲಿ ಪವರ್‌ಶೆಲ್‌ನ ಒಂದು ಸಾಲಿನಿಂದ ನಿನ್ನೆಯ ಫೈಲನ್ನು 1999ರದ್ದು ಮಾಡಬಹುದು. ಹಾಗಂತ ಪೂರ್ತಿ ಗುರುತು ಹೋಗುವುದಿಲ್ಲ. ವಿಂಡೋಸ್‌ನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ಪ್ರತಿ ಫೈಲಿಗೂ ಎರಡು ಕಡೆ ಹೊತ್ತು ಬರೆದಿಡುತ್ತದೆ. ಎಕ್ಸ್‌ಪ್ಲೋರರ್ ತೋರಿಸುವುದು ಒಂದು ಕಡೆಯದನ್ನು, ತಿದ್ದಲು ಸಿಗುವುದೂ ಅದೇ. ಇನ್ನೊಂದು ಫೈಲಿನ ಹೆಸರಿನ ಜೊತೆಗಿರುತ್ತದೆ, ಅದನ್ನು ಕರ್ನಲ್ ತಾನೇ ಬರೆಯುತ್ತದೆ. ಎರಡೂ ತಾಳೆಯಾಗದಿದ್ದರೆ ಡಿಜಿಟಲ್ ತನಿಖೆ ಮಾಡುವವರ ಹುಬ್ಬು ಮೇಲೇರುತ್ತದೆ.

ನನ್ನ ಪ್ರಕಾರ ಸರಿಯಾದ ಉತ್ತರದ ಬೀಜ ಇಲ್ಲೇ ಇದೆ. ಒಂದೇ ಹೆಸರಿನೊಳಗೆ ಎರಡು ಪ್ರಶ್ನೆ ತುಂಬಿದ್ದೇವೆ. 'ಈ ಡಿಸ್ಕಿಗೆ ಯಾವಾಗ ಬಂತು' ಅನ್ನುವುದು ಒಂದು. ಅದನ್ನು ಯಾರೂ ತಿದ್ದಲಾಗಬಾರದು. 'ಈ ಬರಹ, ಈ ಫೋಟೋ ಯಾವಾಗಿನದು' ಅನ್ನುವುದು ಇನ್ನೊಂದು. ಅದು ಮಾಲೀಕನ ಸೊತ್ತು, ತಿದ್ದಲು ಬರಬೇಕು, ಕಾಪಿ ಮಾಡಿದರೆ ಜೊತೆಗೆ ಬರಬೇಕು. ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕು. ಫೋಲ್ಡರಿನಲ್ಲಿ ಎರಡು ಕಾಲಮ್ ಜಾಸ್ತಿ ಆದರೆ ಯಾರಿಗೂ ಭಾರ ಆಗುವುದಿಲ್ಲ.

ದಾರಿ ನಾಲ್ಕು: ಸಿಸ್ಟಮ್ಮನ್ನು ನಂಬದೆ ಒಳಗೇ ಬರೆದಿಡುವುದು

ಅಲ್ಲಿಯವರೆಗೂ ಮನೆ ಬಳಕೆಗೆ ಇದೇ ಗಟ್ಟಿ. ಕ್ಯಾಮೆರಾ ಫೋಟೋಗಳ ಒಳಗೆ ಎಕ್ಸಿಫ್ ಅನ್ನುವ ಮಾಹಿತಿ ಇರುತ್ತದೆ, ತೆಗೆದ ಹೊತ್ತು ಅದರಲ್ಲಿರುತ್ತದೆ. ಪಿಡಿಎಫ್ ಒಳಗೂ ಇರುತ್ತದೆ. ವರ್ಡ್ ಫೈಲಿನ ಒಳಗೂ ಇರುತ್ತದೆ. ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದು ಡೀಟೇಲ್ಸ್‌ಗೆ ಹೋದರೆ 'ಕಂಟೆಂಟ್ ಕ್ರಿಯೇಟೆಡ್' ಅಂತ ಒಂದು ಸಾಲಿದೆ. ಅಪ್ಪನ ಫೈಲುಗಳಲ್ಲಿ ಅದು ಕಂಡಾಗ ನನಗಾದ ಸಮಾಧಾನ ಹೇಳಲಾರೆ. 2006, 2007, 2009. ಮಳೆಗಾಲದಲ್ಲಿ ಜಾಸ್ತಿ ಬರೆದಿದ್ದಾರೆ.

ಆದರೆ ಇಪ್ಪತ್ತು ಫೈಲುಗಳು 2002ರ ಜನವರಿಯವು ಅಂತ ಬಂದವು. ಆಗ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತರೆ ಗಡಿಯಾರ ಹಿಂದಿನ ಯಾವುದೋ ದಿನಕ್ಕೆ ಹೋಗಿ ನಿಲ್ಲುತ್ತದೆ. ಅಪ್ಪ ಅದನ್ನು ಸರಿಮಾಡದೆ ಬರೆಯುತ್ತಾ ಹೋಗಿದ್ದರು. ಫೈಲ್ ಸಿಸ್ಟಮ್ಮೇ ಇರಲಿ, ವರ್ಡೇ ಇರಲಿ, ಎಲ್ಲವೂ ಕೇಳುವುದು ಅದೇ ಗಡಿಯಾರವನ್ನು.

ನುಡಿ ಬಳಸಿದವರಿಗೆ ಒಂದು ಮುಖ್ಯ ಮಾತು. ಹಳೇ ನುಡಿ ಅಕ್ಷರಗಳನ್ನು ಯೂನಿಕೋಡ್‌ಗೆ ಬದಲಿಸಿ ಹೊಸ ಫೈಲಿಗೆ ಅಂಟಿಸಿದರೆ ಒಳಗಿನ ದಿನವೂ ಹೊಸದಾಗುತ್ತದೆ. ಬದಲಿಸುವ ಮೊದಲೇ ಎಲ್ಲಾ ಫೈಲುಗಳ ದಿನಗಳನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೂಲ ಫೈಲುಗಳನ್ನು ಅಳಿಸಬೇಡಿ.

ಫೋಟೋಗಳಲ್ಲಿ ಎರಡು ಎಚ್ಚರ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಎಕ್ಸಿಫ್ ಹೋಗಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಫೋಟೋದ ಹೆಸರಿನಲ್ಲಿರುವ ದಿನ ನಿಮಗೆ ಬಂದ ದಿನ, ತೆಗೆದ ದಿನ ಅಲ್ಲ. ಎರಡನೆಯದು ಹೊರದೇಶದಲ್ಲಿರುವ ನಮ್ಮವರಿಗೆ. ಎಕ್ಸಿಫ್‌ನಲ್ಲಿ ಯಾವ ದೇಶದ ಹೊತ್ತು ಅನ್ನುವುದಕ್ಕೆ 2016ರವರೆಗೆ ಸರಿಯಾದ ಜಾಗವೇ ಇರಲಿಲ್ಲ. ನ್ಯೂಜೆರ್ಸಿಯ ಹೊತ್ತಿಗೆ ಇಟ್ಟ ಕ್ಯಾಮೆರಾ ತಂದು ಊರಿನ ಮದುವೆ ತೆಗೆದರೆ, ಬೆಳಗಿನ ಮುಹೂರ್ತದ ಫೋಟೋ ಹಿಂದಿನ ರಾತ್ರಿಯದಾಗುತ್ತದೆ. ಪೆನ್‌ಡ್ರೈವಿನದೂ ಹೀಗೇ. ಫ್ಯಾಟ್ ಅನ್ನುವ ಹಳೇ ಫೈಲ್ ಸಿಸ್ಟಮ್ ಇರುವ ಪೆನ್‌ಡ್ರೈವ್ ಸ್ಥಳೀಯ ಹೊತ್ತನ್ನೇ ಬರೆಯುತ್ತದೆ, ಯಾವ ಊರಿನದು ಅಂತ ಹೇಳುವುದಿಲ್ಲ. ಎನ್‌ಟಿಎಫ್‌ಎಸ್ ಇಡುವುದು ಜಾಗತಿಕ ಹೊತ್ತು, ನೋಡುವ ಊರಿಗೆ ತಕ್ಕಂತೆ ತೋರಿಸುತ್ತದೆ.

ಎಲ್ಲಕ್ಕಿಂತ ಸರಳವಾದದ್ದು ಫೈಲಿನ ಹೆಸರಿನಲ್ಲೇ ದಿನ ಬರೆಯುವುದು. ವರ್ಷ, ತಿಂಗಳು, ದಿನ ಈ ಸಾಲಿನಲ್ಲಿ: 2009-07-14, ಆಮೇಲೆ ಹೆಸರು. ಹೀಗಿದ್ದರೆ ತಾನಾಗೇ ಕಾಲದ ಸಾಲಿನಲ್ಲಿ ನಿಲ್ಲುತ್ತದೆ. ಯಾವ ಸಿಸ್ಟಮ್‌ಗೆ ಹೋದರೂ ಉಳಿಯುತ್ತದೆ.

ಹಾಗಾದರೆ ನೀವು ಯಾವುದನ್ನು ಹಿಡಿಯಬೇಕು?

ಮನೆಯ ಫೋಟೋ, ಹಿರಿಯರ ಬರಹ ಜೋಡಿಸುವವರು ಸಿಸ್ಟಮ್ ತೋರಿಸುವ ಹುಟ್ಟುದಿನವನ್ನು ಮರೆತುಬಿಡಿ. ಫೈಲಿನ ಒಳಗಿನ ದಿನ ನೋಡಿ, ಹೆಸರಿಗೆ ಬರೆಯಿರಿ. ಮ್ಯಾಕ್‌ನಲ್ಲೇ ಹುಟ್ಟಿ ಮ್ಯಾಕ್‌ನಲ್ಲೇ ಇದ್ದ ಫೈಲುಗಳಾದರೆ ಅದರ ದಿನವನ್ನು ಸಾಕಷ್ಟು ನಂಬಬಹುದು.

ಸರ್ವರ್ ನೋಡುವವರು ಲಿನಕ್ಸ್‌ನ ಹುಟ್ಟಿದ ಹೊತ್ತನ್ನು ಧಾರಾಳವಾಗಿ ಬಳಸಿ. ಆದರೆ ಏನು ಬದಲಾಗಿದೆ ಅಂತ ಹುಡುಕಲು ಸಿಟೈಮೇ ಸರಿ. ಬ್ಯಾಕಪ್‌ನಲ್ಲಿ ಹುಟ್ಟಿದ ಹೊತ್ತೂ ಬೇಕು ಅನ್ನುವ ಮ್ಯಾಕ್ ಬಳಕೆದಾರರಿಗೆ ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಸಲಕರಣೆಯಲ್ಲಿ 3.2ರ ಸರಣಿಯಿಂದ ಅದಕ್ಕೊಂದು ಆಯ್ಕೆ ಬಂದಿದೆ.

ಪ್ರೋಗ್ರಾಮ್ ಬರೆಯುವವರು ಹುಟ್ಟಿದ ಹೊತ್ತಿನ ಮೇಲೆ ಲೆಕ್ಕಾಚಾರ ಕಟ್ಟಬೇಡಿ. ನಿಮ್ಮ ಆ್ಯಪ್‌ಗೆ ಆ ದಿನ ಬೇಕಾದರೆ ನೀವೇ ಬರೆದಿಡಿ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಮಾಡುವುದು ಹಾಗೇ. ಅದು ಫೈಲುಗಳ ಹೊತ್ತುಗಳನ್ನು ಇಡುವುದೇ ಇಲ್ಲ, ಕಮಿಟ್ ಅನ್ನುವ ಪ್ರತಿ ದಾಖಲೆಯಲ್ಲಿ ತನ್ನದೇ ದಿನ ಬರೆಯುತ್ತದೆ.

ಕೋರ್ಟಿಗೆ ಫೈಲ್ ಕೊಡಬೇಕಾಗಿ ಬಂದವರು 'ಡೇಟ್ ಕ್ರಿಯೇಟೆಡ್' ಸ್ಕ್ರೀನ್‌ಶಾಟ್ ಒಂದನ್ನೇ ನೆಚ್ಚಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು, ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್, ಅಂದರೆ ಒಳಗಿನ ವಿಷಯದಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತು, ಬರೆಯಬೇಕು. ಮೂಲ ಡಿಸ್ಕ್ ಅಥವಾ ಫೋನನ್ನು ಇದ್ದ ಹಾಗೇ ಇಟ್ಟು ವಕೀಲರನ್ನು ಕೇಳಿ. ನೋಡೋಣ ಅಂತ ತೆರೆದು ಸೇವ್ ಮಾಡಿದರೂ ಹ್ಯಾಶ್ ಬದಲಾಗಬಹುದು.

ಅಪ್ಪನ ಫೈಲುಗಳಿಗೆ ನಾನು ಮಾಡಿದ್ದು ಇಷ್ಟು. ಒಳಗಿನ ದಿನವನ್ನು ಹೆಸರಿಗೆ ತಂದೆ. ಗಡಿಯಾರ ಕೆಟ್ಟ ಕಾಲದ ಇಪ್ಪತ್ತನ್ನು ಅಮ್ಮನ ಮುಂದಿಟ್ಟು ಒಂದೊಂದಾಗಿ ಓದಿದೆ. "ಇದು ನಿನ್ನ ತಂಗಿ ಮದುವೆ ಆದ ಮೇಲಿಂದು," ಅಂದರು ಒಂದಕ್ಕೆ. "ಇದು ಎತ್ತು ಮಾರಿದ ವರ್ಷ," ಅಂದರು ಇನ್ನೊಂದಕ್ಕೆ. ಹದಿನೇಳಕ್ಕೆ ವರ್ಷ ಸಿಕ್ಕಿತು. ಉಳಿದ ಮೂರನ್ನು 'ದಿನ ಗೊತ್ತಿಲ್ಲ' ಅನ್ನುವ ಫೋಲ್ಡರಿನಲ್ಲಿ ಇಟ್ಟಿದ್ದೇನೆ.